ಕೊಡಗಿನ ಮಕ್ಕಳು ಮೆಡಿಕಲ್ ಓದಲು ಮನಸ್ಸು ಮಾಡುವುದು ಯಾಕೆ?

ಸಂಬಳ, ಮರ್ಯಾದೆ, ಅಪ್ಪ-ಅಮ್ಮನ ಆಸೆ ಎಲ್ಲ ಊರಿನಲ್ಲೂ ಇದ್ದದ್ದೇ. ಕೊಡಗಿನಲ್ಲಿ ಮಾತ್ರ ದೂರವೇ ದೊಡ್ಡ ಕಾರಣ ಅಂತ ನನಗನ್ನಿಸುತ್ತದೆ. ತೋಟದ ಮನೆಗಳು ಒಂದಕ್ಕೊಂದು ದೂರ. ಮಳೆಗಾಲದಲ್ಲಿ ಮರ ಬಿದ್ದರೆ ಆಂಬುಲೆನ್ಸ್ ಬರುವುದೂ ಕಷ್ಟ. ದೊಡ್ಡ ಚಿಕಿತ್ಸೆಗೆ ಇಂದಿಗೂ ಅನೇಕರು ಮೈಸೂರಿಗೋ ಮಂಗಳೂರಿಗೋ ಹೋಗುತ್ತಾರೆ. ಮಡಿಕೇರಿಯಿಂದ ಮೈಸೂರೇ ಸುಮಾರು 120 ಕಿ.ಮೀ. ಅಜ್ಜಿಯನ್ನು ರಾತ್ರೋರಾತ್ರಿ ಜೀಪಿನಲ್ಲಿ ಮಲಗಿಸಿಕೊಂಡು ಹೋದದ್ದನ್ನು ನೋಡಿದ ಮಗು ಮರೆಯುತ್ತದಾ?

2016ರಲ್ಲಿ ಮಡಿಕೇರಿಯಲ್ಲೇ ಸರ್ಕಾರಿ ಮೆಡಿಕಲ್ ಕಾಲೇಜು ಶುರುವಾಯಿತು. ಡಾಕ್ಟರ್ ಓದು ಕಣ್ಣೆದುರಿಗೇ ಬಂತು, ಅಲ್ವಾ? ಸೀಟು ಸಿಗುವುದು ನೀಟ್ ಪ್ರವೇಶ ಪರೀಕ್ಷೆಯ ರ‍್ಯಾಂಕ್ ಮೇಲೆ, ಅದು ಬೇರೆ ಮಾತು. ಆದರೆ ಎಂಬಿಬಿಎಸ್ ನಾಲ್ಕೂವರೆ ವರ್ಷ, ಮೇಲೊಂದು ವರ್ಷ ಇಂಟರ್ನ್‌ಶಿಪ್. ಬರೀ ಮರ್ಯಾದೆಗೆ ಅಂತ ಸೇರಿದವರಿಗೆ ಇದು ತುಂಬಾ ಉದ್ದವಾಗುತ್ತದೆ. ಸೇರುವ ಮೊದಲು ಪರಿಚಯದ ಡಾಕ್ಟರ್ ಹತ್ತಿರ ಕುಳಿತು ಅವರ ದಿನ ಹೇಗಿರುತ್ತದೆ ಅಂತ ಕೇಳಿ.