ಸರ್ಕಾರಕ್ಕೆ ವಿಜ್ಞಾನದ ಸಲಹೆ ನೀಡುವ ಕಚೇರಿಯ ಕೆಲಸವನ್ನು ಅಳೆಯುವುದು ಹೇಗೆ?

ಕೇಂದ್ರ ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿ ಎಷ್ಟು ಸಮರ್ಥವಾಗಿ ಕೆಲಸ ಮಾಡುತ್ತಿದೆ, ಅದು ಕೊಟ್ಟ ಸಲಹೆಗಳಲ್ಲಿ ಎಷ್ಟನ್ನು ಸರ್ಕಾರ ಒಪ್ಪಿತು ಎಂದು ಎಣಿಸಿದರೆ ಅದು ತಿಳಿಯುತ್ತದೆಯೇ ಎಂದು ನೀವು ಕೇಳಿದ್ದೀರಿ. ತಿಳಿಯುವುದಿಲ್ಲ ಎಂಬುದು ನನ್ನ ನೇರ ಉತ್ತರ. ಒಪ್ಪಿಗೆಯ ಎಣಿಕೆಯೇ ಮಾನದಂಡವಾದರೆ ಮಂತ್ರಿಗಳ ಮನಸ್ಸನ್ನು ಅರಿತು ಅವರಿಗೆ ಹಿತವಾದದ್ದನ್ನೇ ಹೇಳುವ ಸಲಹೆಗಾರರಿಗೆ ನೂರಕ್ಕೆ ನೂರು ಅಂಕ ಸಿಗುತ್ತದೆ, ಕಹಿಯಾದ ಮಾತನ್ನು ಸಕಾಲದಲ್ಲಿ ಹೇಳಿ ತಿರಸ್ಕಾರಕ್ಕೆ ಗುರಿಯಾದವರು ವಿಫಲರೆನಿಸಿಕೊಳ್ಳುತ್ತಾರೆ. ವಿಜ್ಞಾನ ನೀತಿಯ ವರದಿಗಳನ್ನು ಆಸಕ್ತಿಯಿಂದ ಓದುತ್ತ ಬಂದ ನಾನು ಬೇರೊಂದು ಅಳತೆಯನ್ನು ಇಟ್ಟುಕೊಂಡಿದ್ದೇನೆ. ಸಲಹೆ ಏನಿತ್ತು, ಅದನ್ನು ಯಾವಾಗ ಕೊಡಲಾಯಿತು, ಎಷ್ಟು ಖಚಿತವಾಗಿ ಹೇಳಲಾಯಿತು ಮತ್ತು ಅದನ್ನು ಕೇಳಿದ ಮೇಲೆ ಸರ್ಕಾರ ಏನು ಮಾಡಿತು ಎಂಬುದನ್ನು ಮುಂದೊಂದು ದಿನ ಹೊರಗಿನವರು ಬಿಡಿಸಿ ನೋಡಲು ಸಾಧ್ಯವಿರಬೇಕು. ಅದು ಸಾಧ್ಯವಿಲ್ಲದ ಕಡೆ ಸಲಹೆಗಾರರು ಎಷ್ಟೇ ದೊಡ್ಡ ವಿಜ್ಞಾನಿಗಳಾಗಿದ್ದರೂ ಆ ಕಚೇರಿಯನ್ನು ಹೊಗಳಲೂ ಆಗುವುದಿಲ್ಲ, ತೆಗಳಲೂ ಆಗುವುದಿಲ್ಲ.

ನಮ್ಮ ದೇಶದ ಈ ಕಚೇರಿ 1999ರ ನವೆಂಬರ್‌ನಲ್ಲಿ ಆರಂಭವಾಯಿತು. ಎ.ಪಿ.ಜೆ. ಅಬ್ದುಲ್ ಕಲಾಂ ಮೊದಲ ಸಲಹೆಗಾರರು. ಅವರ ನಂತರ ಆರ್. ಚಿದಂಬರಂ 2001ರಿಂದ 2018ರವರೆಗೆ, ಕೆ. ವಿಜಯರಾಘವನ್ 2022ರವರೆಗೆ ಆ ಹುದ್ದೆಯಲ್ಲಿದ್ದರು. ಬಳಿಕ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಭೌತವಿಜ್ಞಾನಿ ಅಜಯ್ ಕುಮಾರ್ ಸೂದ್ ಬಂದರು. ಕಣ್ಣಿಗೆ ಕಾಣುವ ಕೆಲಸಗಳಿಗೆ ಇಲ್ಲಿ ಕೊರತೆಯಿಲ್ಲ. ಚಿದಂಬರಂ ಅವರ ಕಾಲದಲ್ಲಿ ರೂಪುಗೊಂಡ ರಾಷ್ಟ್ರೀಯ ಜ್ಞಾನ ಜಾಲಕ್ಕೆ 2010ರಲ್ಲಿ ಸಂಪುಟದ ಒಪ್ಪಿಗೆ ಸಿಕ್ಕಿತು; ಅದು ದೇಶದ ಸಾವಿರಕ್ಕೂ ಹೆಚ್ಚು ವಿದ್ಯಾಸಂಸ್ಥೆ ಮತ್ತು ಪ್ರಯೋಗಾಲಯಗಳನ್ನು ಅತಿವೇಗದ ಸಂಪರ್ಕದಿಂದ ಜೋಡಿಸಿತು. 2018ರಲ್ಲಿ ಪ್ರಧಾನಮಂತ್ರಿಗಳ ವಿಜ್ಞಾನ, ತಂತ್ರಜ್ಞಾನ ಮತ್ತು ನಾವೀನ್ಯ ಸಲಹಾ ಮಂಡಳಿ ಈ ಸಲಹೆಗಾರರ ಅಧ್ಯಕ್ಷತೆಯಲ್ಲಿ ರಚನೆಯಾಗಿ ಒಂಬತ್ತು ಮಿಷನ್‌ಗಳನ್ನು, ಅಂದರೆ ರಾಷ್ಟ್ರಮಟ್ಟದ ದೊಡ್ಡ ಕಾರ್ಯಕ್ರಮಗಳನ್ನು, ಗುರುತಿಸಿತು. ಅವುಗಳಲ್ಲಿ ಆಳಸಾಗರದ ಮಿಷನ್‌ಗೆ 2021ರಲ್ಲಿ, ಕ್ವಾಂಟಂ ಮಿಷನ್‌ಗೆ 2023ರ ಏಪ್ರಿಲ್‌ನಲ್ಲಿ ಸಂಪುಟ ಮಂಜೂರಾತಿ ಕೊಟ್ಟಿತು. ಎರಡನೆಯದಕ್ಕೆ ಗೊತ್ತುಪಡಿಸಿದ ಮೊತ್ತ 6,003.65 ಕೋಟಿ ರೂಪಾಯಿ. ಬೇರೆ ಬೇರೆ ಇಲಾಖೆಗಳನ್ನು ಒಂದೇ ಮೇಜಿನ ಸುತ್ತ ಕೂರಿಸಿ ಇಷ್ಟನ್ನು ಮಾಡಿಸುವುದು ನಮ್ಮ ಆಡಳಿತ ವ್ಯವಸ್ಥೆಯಲ್ಲಿ ಸುಲಭವಲ್ಲ. ಸಮನ್ವಯದ ಮಟ್ಟಿಗೆ ನಾನು ಈ ಕಚೇರಿಗೆ ಒಳ್ಳೆಯ ಅಂಕವನ್ನೇ ಕೊಡುತ್ತೇನೆ.

ಆದರೆ ಸಮನ್ವಯ ಬೇರೆ, ಸಲಹೆ ಬೇರೆ. ಕಾರ್ಯಕ್ರಮಗಳನ್ನು ಕಟ್ಟುವ ಕಚೇರಿಗೆ ತಾನೇ ಕಟ್ಟಿದ್ದನ್ನು ನಿಷ್ಠುರವಾಗಿ ವಿಮರ್ಶಿಸುವುದು ಕಷ್ಟ. 2023ರ ಕಾಯ್ದೆಯ ಮೂಲಕ ಬಂದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಕಾರ್ಯಕಾರಿ ಮಂಡಳಿಗೂ ಪ್ರಧಾನ ವೈಜ್ಞಾನಿಕ ಸಲಹೆಗಾರರೇ ಅಧ್ಯಕ್ಷರು. ಸಂಶೋಧನೆಗೆ ಹಣ ಹಂಚುವ ವ್ಯವಸ್ಥೆ ಸರಿಯಾಗಿ ನಡೆಯುತ್ತಿದೆಯೇ ಎಂದು ನಾಳೆ ಪ್ರಧಾನಿಯವರು ಸ್ವತಂತ್ರ ಅಭಿಪ್ರಾಯ ಬಯಸಿದರೆ ಅವರು ಯಾರನ್ನು ಕೇಳಬೇಕು? ಇಲ್ಲಿ ವ್ಯಕ್ತಿಗಳ ಪ್ರಾಮಾಣಿಕತೆಯ ಬಗ್ಗೆ ನನಗೆ ಅನುಮಾನವಿಲ್ಲ. ತೊಡಕಿರುವುದು ಹುದ್ದೆಯ ರಚನೆಯಲ್ಲಿ. ಆದ್ದರಿಂದ ಮೌಲ್ಯಮಾಪನ ಮಾಡುವವರು ಈ ಎರಡು ಪಾತ್ರಗಳಿಗೆ ಬೇರೆ ಬೇರೆಯಾಗಿಯೇ ಅಂಕ ಕೊಡಬೇಕು.

ದಾಖಲೆಗೆ ನಾನು ಇಷ್ಟೊಂದು ಒತ್ತು ಕೊಡುವುದೇಕೆ ಎಂಬುದಕ್ಕೆ ಬ್ರಿಟನ್ನಿನ ಒಂದು ಉದಾಹರಣೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕೋವಿಡ್ ಆರಂಭದಲ್ಲಿ ಅಲ್ಲಿನ ತುರ್ತುಸ್ಥಿತಿ ವೈಜ್ಞಾನಿಕ ಸಲಹಾ ಗುಂಪಾದ ‘ಸೇಜ್’ನಲ್ಲಿ ಯಾರಿದ್ದಾರೆ ಎಂಬುದೇ ಗುಟ್ಟಾಗಿತ್ತು. ‘ನಾವು ವಿಜ್ಞಾನವನ್ನು ಅನುಸರಿಸುತ್ತಿದ್ದೇವೆ’ ಎಂದು ಮಂತ್ರಿಗಳು ದಿನವೂ ಹೇಳುತ್ತಿದ್ದರು, ವಿಜ್ಞಾನಿಗಳು ಹೇಳಿದ್ದೇನು ಎಂಬುದು ಮಾತ್ರ ಜನರಿಗೆ ತಿಳಿಯುತ್ತಿರಲಿಲ್ಲ. ಟೀಕೆ ಹೆಚ್ಚಿದ ಮೇಲೆ 2020ರ ಮೇ ತಿಂಗಳಲ್ಲಿ ಸದಸ್ಯರ ಹೆಸರುಗಳೂ ಸಭೆಗಳ ನಡಾವಳಿಗಳೂ ಹೊರಬರತೊಡಗಿದವು. ಅದರ ಫಲ ಆ ವರ್ಷದ ಶರತ್ಕಾಲದಲ್ಲೇ ಕಂಡಿತು. ಸೋಂಕು ಮತ್ತೆ ಏರುತ್ತಿದೆ, ಅಲ್ಪಾವಧಿಯ ಲಾಕ್‌ಡೌನ್ ಸೇರಿದಂತೆ ಹಲವು ಬಿಗಿ ಕ್ರಮಗಳನ್ನು ತಕ್ಷಣ ಪರಿಗಣಿಸಬೇಕು ಎಂದು ಸೇಜ್ ಸೆಪ್ಟೆಂಬರ್ 21ರಂದು ಹೇಳಿತ್ತು. ಮರುದಿನ ಸರ್ಕಾರ ಪ್ರಕಟಿಸಿದ್ದು ಮನೆಯಿಂದ ಕೆಲಸ ಮಾಡುವ ಸಲಹೆ, ಪಬ್‌ಗಳನ್ನು ರಾತ್ರಿ ಹತ್ತಕ್ಕೆ ಮುಚ್ಚುವ ನಿಯಮ ಮತ್ತು ಇನ್ನು ಕೆಲವು ಹಗುರ ಕ್ರಮಗಳನ್ನು. ಅಕ್ಟೋಬರ್ 12ರಂದು ಆ ಸಭೆಯ ನಡಾವಳಿ ಪ್ರಕಟವಾದಾಗ ಸಲಹೆ ಮತ್ತು ತೀರ್ಮಾನದ ನಡುವಿನ ಅಂತರವನ್ನು ಇಡೀ ದೇಶ ನೋಡಿತು. ನವೆಂಬರ್ 5ರಂದು ಇಂಗ್ಲೆಂಡಿನಲ್ಲಿ ಲಾಕ್‌ಡೌನ್ ಬಂತು. ಸರ್ಕಾರ ಸಲಹೆಯನ್ನು ಹಾಗೆಯೇ ಪಾಲಿಸಬೇಕಿತ್ತು ಎಂದು ನಾನು ವಾದಿಸುತ್ತಿಲ್ಲ. ಉದ್ಯೋಗ, ಶಾಲೆ, ವ್ಯಾಪಾರ ಎಲ್ಲವನ್ನೂ ತೂಗಿ ನೋಡುವ ಹೊಣೆ ಚುನಾಯಿತರದ್ದೇ. ಆದರೆ ವಿಜ್ಞಾನಿಗಳ ಮಾತು ಎಲ್ಲಿಗೆ ಮುಗಿಯಿತು, ರಾಜಕೀಯ ಹೊಣೆ ಎಲ್ಲಿಂದ ಶುರುವಾಯಿತು ಎಂಬ ಗೆರೆ ಆ ದಾಖಲೆಯಿಂದ ಸ್ಪಷ್ಟವಾಯಿತು.

ದಾಖಲೆಯ ಜೊತೆಗೆ ನಾನು ನೋಡುವ ಇನ್ನೊಂದು ಅಂಶವೆಂದರೆ ಅನಿಶ್ಚಿತತೆಯನ್ನು ಹೇಗೆ ಹೇಳಲಾಗಿದೆ ಎಂಬುದು. ಹುಚ್ಚು ಹಸು ರೋಗದ ಬಗ್ಗೆ ಪ್ರಾಣಿಶಾಸ್ತ್ರಜ್ಞ ರಿಚರ್ಡ್ ಸೌತ್‌ವುಡ್ ನೇತೃತ್ವದ ಸಮಿತಿ 1989ರಲ್ಲಿ ಬ್ರಿಟಿಷ್ ಸರ್ಕಾರಕ್ಕೆ ಕೊಟ್ಟ ವರದಿ, ರೋಗ ಮನುಷ್ಯರಿಗೆ ತಗುಲುವ ಸಂಭವ ತೀರಾ ಕಡಿಮೆ ಎಂದಿತ್ತು. ತಮ್ಮ ಅಂದಾಜು ತಪ್ಪಾಗಿದ್ದರೆ ಪರಿಣಾಮ ಅತ್ಯಂತ ಗಂಭೀರವಾದೀತು ಎಂಬ ಎಚ್ಚರಿಕೆಯೂ ಅದೇ ವರದಿಯಲ್ಲಿತ್ತು. ಮುಂದಿನ ವರ್ಷಗಳಲ್ಲಿ ಮೊದಲ ಮಾತು ಮತ್ತೆ ಮತ್ತೆ ಉದ್ಧೃತವಾಯಿತು, ಎರಡನೆಯದು ಮರೆಗೆ ಸರಿಯಿತು. ರೋಗ ಮನುಷ್ಯರಿಗೂ ದಾಟಿರುವ ಸಂಭವವಿದೆ ಎಂದು 1996ರ ಮಾರ್ಚ್‌ನಲ್ಲಿ ಸರ್ಕಾರ ಒಪ್ಪಿಕೊಳ್ಳಬೇಕಾಯಿತು. ಕೊನೆಗೆ ಆ ದೇಶದಲ್ಲಿ 170ಕ್ಕೂ ಹೆಚ್ಚು ಜನ ಅದರಿಂದ ಸತ್ತರು. ಸಲಹಾ ಕಚೇರಿಯೊಂದು ತನ್ನ ಮಾತಿನ ಎರಡನೆಯ ಅರ್ಧವೂ ಮಂತ್ರಿಗಳನ್ನು ಮತ್ತು ಜನರನ್ನು ತಲುಪುವಂತೆ ನೋಡಿಕೊಂಡಿತೇ ಎಂದು ಕೇಳುವುದು ಅದಕ್ಕಾಗಿಯೇ.

ಈ ದೃಷ್ಟಿಯಿಂದ 2021ರ ಮೇ ತಿಂಗಳನ್ನು ನೆನಪಿಸಿಕೊಳ್ಳಿ. ನಮ್ಮಲ್ಲಿ ಕೋವಿಡ್‌ನ ಎರಡನೇ ಅಲೆ ಉತ್ತುಂಗದಲ್ಲಿದ್ದಾಗ ಮೇ 5ರಂದು, ಆಗ ಪ್ರಧಾನ ಸಲಹೆಗಾರರಾಗಿದ್ದ ವಿಜಯರಾಘವನ್ ಅವರು ಮೂರನೇ ಹಂತ ಅನಿವಾರ್ಯ, ಆದರೆ ಅದು ಯಾವಾಗ ಬರುತ್ತದೆ ಎಂಬುದು ಸ್ಪಷ್ಟವಿಲ್ಲ ಎಂದರು. ಎರಡು ದಿನಗಳ ನಂತರ, ಬಲವಾದ ಕ್ರಮ ಕೈಗೊಂಡರೆ ಅದು ಎಲ್ಲ ಕಡೆ ಅಥವಾ ಎಲ್ಲಿಯೂ ಬಾರದಿರಬಹುದು ಎಂದರು. ಪತ್ರಿಕೆಗಳು ಇದನ್ನು ಮಾತು ಬದಲಿಸಿದಂತೆ ಬಿಂಬಿಸಿದವು. ಷರತ್ತನ್ನು ಸೇರಿಸಿ ಹೇಳಿದ್ದನ್ನು ನಾನು ದೋಷವೆಂದು ಎಣಿಸುವುದಿಲ್ಲ. ಆದರೆ ಆ ಎರಡು ಹೇಳಿಕೆಗಳ ಹಿಂದೆ ಯಾವ ಅಂಕಿಅಂಶ, ಯಾವ ಚರ್ಚೆ ಇತ್ತು ಎಂಬುದನ್ನು ತೋರಿಸುವ ನಡಾವಳಿ ಜನರ ಕೈಯಲ್ಲಿ ಇರಲಿಲ್ಲ. ಅದಕ್ಕೂ ಕೆಲವೇ ದಿನ ಮೊದಲು ದೇಶದ ನೂರಾರು ವಿಜ್ಞಾನಿಗಳು ಸೋಂಕಿನ ಪರೀಕ್ಷೆಗಳ ವಿವರವಾದ ದತ್ತಾಂಶ ತಮಗೆ ಸಿಗುತ್ತಿಲ್ಲ, ದಯವಿಟ್ಟು ಕೊಡಿಸಿ ಎಂದು ಪ್ರಧಾನಿಯವರಿಗೆ ಮನವಿ ಸಲ್ಲಿಸಿದ್ದರು. ಸಂಶೋಧಕರು ದತ್ತಾಂಶಕ್ಕಾಗಿ ಬಹಿರಂಗ ಮನವಿ ಮಾಡಬೇಕಾದ ಸ್ಥಿತಿ ಬಂದರೆ, ಆ ಹೊತ್ತಿನ ಮಟ್ಟಿಗೆ ಇಡೀ ಸಲಹಾ ವ್ಯವಸ್ಥೆಗೆ ನಾನು ಕಡಿಮೆ ಅಂಕವನ್ನೇ ಕೊಡಬೇಕಾಗುತ್ತದೆ.

ಸಲಹೆಯನ್ನು ಮುಚ್ಚಿಟ್ಟರೆ ಏನಾಗುತ್ತದೆ ಎಂಬುದು ಪಶ್ಚಿಮ ಘಟ್ಟದ ಜಿಲ್ಲೆಗಳವರಿಗೆ ಚೆನ್ನಾಗಿ ಗೊತ್ತಿದೆ. ಘಟ್ಟದ ಸಂರಕ್ಷಣೆಯ ಬಗ್ಗೆ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ನೇತೃತ್ವದ ತಜ್ಞರ ಸಮಿತಿ 2011ರ ಆಗಸ್ಟ್‌ನಲ್ಲಿ ಪರಿಸರ ಸಚಿವಾಲಯಕ್ಕೆ ವರದಿ ಒಪ್ಪಿಸಿತು. ಸಚಿವಾಲಯ ಅದನ್ನು ತಿಂಗಳುಗಟ್ಟಲೆ ಪ್ರಕಟಿಸಲಿಲ್ಲ. ಮಾಹಿತಿ ಹಕ್ಕಿನ ಅರ್ಜಿ, ಕೇಂದ್ರ ಮಾಹಿತಿ ಆಯೋಗದ ಆದೇಶ, ಅದನ್ನು ಎತ್ತಿಹಿಡಿದ ದೆಹಲಿ ಹೈಕೋರ್ಟ್ ತೀರ್ಪು ಇಷ್ಟೆಲ್ಲ ಆದ ಮೇಲೆ 2012ರ ಮೇ ತಿಂಗಳಲ್ಲಿ ಅದು ಹೊರಬಂತು. ಅಷ್ಟರಲ್ಲಿ ಊರೂರುಗಳಲ್ಲಿ ಭಯ ಬೇರೂರಿತ್ತು. ಗ್ರಾಮಸಭೆಗಳ ಅಭಿಪ್ರಾಯ ಪಡೆದೇ ಪರಿಸರ ಸೂಕ್ಷ್ಮ ವಲಯಗಳ ಗಡಿಗಳನ್ನು ನಿರ್ಧರಿಸಬೇಕೆಂಬ ವರದಿಯ ಮುಖ್ಯ ಮಾತು ಕೊಡಗು, ಮಲೆನಾಡಿನ ಎಷ್ಟೋ ಕೃಷಿಕರನ್ನು ಸರಿಯಾಗಿ ತಲುಪಲೇ ಇಲ್ಲ. ಈ ಪ್ರಕರಣಕ್ಕೂ ಪ್ರಧಾನ ಸಲಹೆಗಾರರ ಕಚೇರಿಗೂ ನೇರ ಸಂಬಂಧವಿಲ್ಲ, ಆದರೂ ಸಲಹೆ ಯಾರ ಸ್ವತ್ತು ಎಂಬ ಪ್ರಶ್ನೆ ಎರಡೂ ಕಡೆ ಒಂದೇ.

ಮೌಲ್ಯಮಾಪನವನ್ನು ಯಾರು ಮಾಡಬೇಕು ಎಂಬುದನ್ನೂ ಹೇಳಬೇಕು. ಕಚೇರಿಯೇ ಬರೆದುಕೊಳ್ಳುವ ವಾರ್ಷಿಕ ವರದಿ ಸಾಲದು. ನಿರ್ದಿಷ್ಟ ಅವಧಿಗೊಮ್ಮೆ ಹೊರಗಿನ ತಜ್ಞರು, ಸಾಧ್ಯವಾದರೆ ಸಂಸತ್ತಿನ ಸ್ಥಾಯಿ ಸಮಿತಿಯ ಮುಂದೆ, ಅದನ್ನು ಪರಿಶೀಲಿಸಬೇಕು. ಹಾಗೆಂದು ರಾಜಕೀಯ ಮೆಚ್ಚುಗೆಯನ್ನು ಗುಣಮಟ್ಟದ ಗುರುತೆಂದು ತಿಳಿಯಬಾರದು. ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ಗೆ ಸಲಹೆ ನೀಡಲು 1972ರಲ್ಲಿ ಸ್ಥಾಪಿತವಾದ ತಂತ್ರಜ್ಞಾನ ಮೌಲ್ಯಮಾಪನ ಕಚೇರಿ ಸುಮಾರು 750 ಅಧ್ಯಯನಗಳನ್ನು ಪ್ರಕಟಿಸಿತು. ಅದರ ಮಂಡಳಿಯಲ್ಲಿ ಎರಡೂ ಪಕ್ಷಗಳಿಗೆ ಸಮಾನ ಸ್ಥಾನವಿತ್ತು. ಆದರೂ 1995ರಲ್ಲಿ ಅನುದಾನ ಕಡಿದು ಅದನ್ನು ಮುಚ್ಚಿದರು. ಅದರ ವರದಿಗಳು ಸಾರ್ವಜನಿಕವಾಗಿದ್ದುದರಿಂದ, ಅದರ ಕೆಲಸ ಹೇಗಿತ್ತೆಂದು ಇಂದಿಗೂ ಯಾರು ಬೇಕಾದರೂ ಓದಿ ತೀರ್ಮಾನಿಸಬಹುದು.

ನೀವೇ ಒಂದು ಪರೀಕ್ಷೆ ಮಾಡಿ ನೋಡಬೇಕೆಂದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ನೆರವಿಗಿದೆ. ಸಂಪುಟದ ಕಾಗದಪತ್ರಗಳಿಗೆ 8(1)(ಐ) ಕಲಂ ವಿನಾಯಿತಿ ಕೊಡುತ್ತದೆಯಾದರೂ, ತೀರ್ಮಾನವಾಗಿ ವಿಷಯ ಮುಗಿದ ಮೇಲೆ ಅದರ ಕಾರಣಗಳನ್ನೂ ಅದಕ್ಕೆ ಆಧಾರವಾದ ಸಾಮಗ್ರಿಯನ್ನೂ ಬಹಿರಂಗಪಡಿಸಬೇಕೆಂದು ಅದೇ ಕಲಂ ಹೇಳುತ್ತದೆ. ‘ನೀವು ಕೊಟ್ಟ ಎಲ್ಲ ಸಲಹೆಗಳನ್ನೂ ಕೊಡಿ’ ಎಂದು ಕೇಳಿದರೆ ಅರ್ಜಿ ತಿರಸ್ಕೃತವಾಗುವ ಸಂಭವವೇ ಹೆಚ್ಚು. ಮುಗಿದುಹೋದ ಒಂದು ತೀರ್ಮಾನವನ್ನು, ಉದಾಹರಣೆಗೆ ಕ್ವಾಂಟಂ ಮಿಷನ್‌ನ ಮಂಜೂರಾತಿಯನ್ನು, ಹೆಸರಿಸಿ ಕೇಳಿ: ಅದಕ್ಕೆ ಮುಂಚೆ ತಜ್ಞರು ಕೊಟ್ಟ ಲಿಖಿತ ಅಭಿಪ್ರಾಯಗಳೇನು, ಭಿನ್ನಾಭಿಪ್ರಾಯ ದಾಖಲಾಗಿದೆಯೇ, ಯಾವ ಹಂತದಲ್ಲಿ ಯಾವ ಗುರಿ ತಲುಪದಿದ್ದರೆ ಯೋಜನೆಯನ್ನು ಮರುಪರಿಶೀಲಿಸಬೇಕೆಂದು ಸೂಚಿಸಲಾಗಿದೆ. ಮೂವತ್ತು ದಿನಗಳೊಳಗೆ ಉತ್ತರ ಬರಬೇಕು, ಬಾರದಿದ್ದರೆ ಮೊದಲ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ.