ಮಗನನ್ನು ಸೀರಿಯಲ್‌ಗೆ ಕಳಿಸಬೇಕಾ? ಬಾಲನಟರು ದೊಡ್ಡವರಾದ ಮೇಲೆ ಎಲ್ಲಿ ಹೋಗ್ತಾರೆ?

ಮೈಸೂರಿನಲ್ಲಿರೋ ನಿಮ್ಮ ಎಂಟು ವರ್ಷದ ಮಗನಿಗೆ ಸೀರಿಯಲ್‌ನಲ್ಲಿ ಪಾರ್ಟು ಸಿಕ್ಕಿದೆ. ಆದರೆ ಬಾಲನಟರೆಲ್ಲ ಆಮೇಲೆ ಕಾಣೆಯಾಗ್ತಾರಲ್ಲ, ಕಳಿಸಬೇಕಾ ಬೇಡವಾ ಅಂತ ಕೇಳಿದ್ದೀರಿ. ಹಾಗೆ ಕಾಣೆಯಾದವರಲ್ಲಿ ನಾನೂ ಒಬ್ಬ. ಈಗ ಪಾಂಡವಪುರದಲ್ಲಿ ಪೈಪು, ಮೋಟಾರು ಮಾರುವ ಅಂಗಡಿ ಇಟ್ಟಿದ್ದೇನೆ.

ನಮ್ಮೂರು ಮೇಲುಕೋಟೆ ಹತ್ತಿರ. ರಾಯಗೋಪುರ, ಕಲ್ಯಾಣಿ ಅಂತ ಅಲ್ಲಿ ಆಗಾಗ ಶೂಟಿಂಗ್ ಇರುತ್ತೆ. ಒಂದು ಸಲ ಬರಬೇಕಿದ್ದ ಹುಡುಗನಿಗೆ ಜ್ವರ ಬಂತು. ನೋಡಲು ಹೋಗಿದ್ದ ನನ್ನನ್ನೇ ನಿಲ್ಲಿಸಿದರು. ಆಗ ನನಗೆ ಒಂಬತ್ತು. ಮುಂದಿನ ನಾಲ್ಕು ವರ್ಷದಲ್ಲಿ ಆರು ಸಿನಿಮಾ. ಎರಡರಲ್ಲಿ ಹೀರೋನ ಬಾಲ್ಯ, ಎರಡರಲ್ಲಿ ಸಾಯುವ ತಮ್ಮ, ಇನ್ನೆರಡರಲ್ಲಿ ಸುಮ್ನೆ ಗುಂಪಿನಲ್ಲಿ ಓಡೋದು.

ಮದುವೆ ಮನೆಗೆ ಹೋದರೆ ಹಿಡಿದು ನಿಲ್ಲಿಸೋರು. "ಅವ್ನೇ ಕಣ್ಲಾ ಇವ್ನು! ಎಲ್ಲಿ, ಆ ಡೈಲಾಗ್ ಹೇಳ್ಲಾ ಮಗ." ನಾನು ಹೇಳುತ್ತಿದ್ದೆ. ಜನರ ಮುಖ ಸಪ್ಪಗಾಗುತ್ತಿತ್ತು. ಯಾಕಂದ್ರೆ ಸಿನಿಮಾದಲ್ಲಿ ಕೇಳಿದ ದನಿ ನನ್ನದಲ್ಲ. ಮಕ್ಕಳ ಪಾತ್ರಕ್ಕೆ ಎಷ್ಟೋ ಸಲ ಬೇರೆಯವರೇ, ಅದರಲ್ಲೂ ಹೆಂಗಸರು, ಡಬ್ಬಿಂಗ್ ಮಾಡುತ್ತಿದ್ದರು. ನನ್ನದು ಅಪ್ಪಟ ಮಂಡ್ಯದ ಮಾತು ಬೇರೆ. ನನಗೆ ದನಿ ಕೊಟ್ಟ ಆಯಮ್ಮನ ಮುಖವನ್ನು ನಾನು ಇವತ್ತಿಗೂ ನೋಡಿಲ್ಲ. ಮಾತಿದ್ದ ಸಿನಿಮಾಗಳಲ್ಲೂ ನಾನು ಬಾಯಿ ಆಡಿಸಿದ್ದೆ, ಅಷ್ಟೇ. ನಟನೆ ಕಲಿತುಬಿಟ್ಟಿದ್ದೀನಿ ಅಂದುಕೊಂಡಿದ್ದೆ.

ಹದಿಮೂರಕ್ಕೆ ದನಿ ಒಡೆಯಿತು, ಮೀಸೆ ಚಿಗುರಿತು. ಇನ್ನು ನೀನು ಬೇಡ ಅಂತ ಯಾರೂ ಹೇಳಲಿಲ್ಲ. ಫೋನ್ ಬರೋದು ನಿಂತಿತು. ನಮಗೆ ಫೋನ್ ಬರುತ್ತಿದ್ದದ್ದು ಊರಿನ ದಿನಸಿ ಅಂಗಡಿಗೆ. ಸ್ಕೂಲಿಂದ ಬರುವಾಗ ದಿನಾ ಅದರ ಮುಂದೆ ನಿಧಾನಕ್ಕೆ ನಡೆಯುತ್ತಿದ್ದೆ. ಅಂಗಡಿಯವರು ಮೊದಮೊದಲು "ಬಂದಿಲ್ಲ ಕಣಪ್ಪ" ಅನ್ನುತ್ತಿದ್ದರು. ಬರಬರುತ್ತಾ ನನ್ನನ್ನು ಕಂಡ ಕೂಡಲೇ ಒಳಗೆ ಹೋಗಿ ಏನೋ ಹುಡುಕಲು ಶುರು ಮಾಡುತ್ತಿದ್ದರು.

ಹತ್ತೊಂಬತ್ತಕ್ಕೆ ಗಾಂಧಿನಗರ ಸುತ್ತಿದೆ. ಹೀರೋ ಪಾತ್ರಕ್ಕೆ ಎತ್ತರ ಸಾಲದು. "ಇನ್ನೂ ಮಗು ಮುಖಾನೇ ಇದೆಯಲ್ಲಪ್ಪ" ಅಂದರು ಒಬ್ಬರು. ಆ ಮುಖ ನೋಡಿಯೇ ಅಲ್ವಾ ಮೊದಲು ಕರೆದದ್ದು!

ಎಲ್ಲರೂ ಪುನೀತ್ ರಾಜ್‌ಕುಮಾರ್ ಹೆಸರು ಹೇಳುತ್ತಾರೆ. 1985ರ 'ಬೆಟ್ಟದ ಹೂವು' ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ, 2002ರಲ್ಲಿ 'ಅಪ್ಪು' ಚಿತ್ರಕ್ಕೆ ಹೀರೋ. ನಿಜ. ಆದರೆ ಅವರು ರಾಜ್‌ಕುಮಾರ್ ಮನೆಯಲ್ಲಿ ಹುಟ್ಟಿದವರು, ನಾವು ನೀವಲ್ಲ. ನನಗೆ 'ಮಾಲ್ಗುಡಿ ಡೇಸ್'ನ ಸ್ವಾಮಿ, ಮಾಸ್ಟರ್ ಮಂಜುನಾಥ್ ಜಾಸ್ತಿ ಇಷ್ಟ. ಅಷ್ಟು ಹೆಸರು ಬಂದ ಮೇಲೂ ನಟನೆ ಬಿಟ್ಟು, ಓದಿ, ಬೇರೆ ಕೆಲಸ ಹಿಡಿದರು.

ನಾನು ದುಡಿದ ದುಡ್ಡು ಎರಡು ಬೋರ್‌ವೆಲ್‌ಗೆ ಹೋಯಿತು. ಒಂದರಲ್ಲಿ ಬರೀ ಧೂಳು. ಅಪ್ಪನ ಮೇಲೆ ಈಗ ಕೋಪವಿಲ್ಲ. ಹತ್ತು ವರ್ಷ ಇತ್ತು.

ನಿಮ್ಮ ಮಗನಿಗೆ ಆ ತೊಂದರೆ ಬರಬೇಕಾಗಿಲ್ಲ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾಯಿತು, 2017ರಲ್ಲಿ ನಿಯಮ ಬಂತು. ಮಗುವಿನ ಸಂಪಾದನೆಯಲ್ಲಿ ಕನಿಷ್ಠ ಶೇ. 20ರಷ್ಟನ್ನು ಅದರ ಹೆಸರಲ್ಲೇ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಎಫ್‌ಡಿ ಇಡಬೇಕು. ಪ್ರಾಯಕ್ಕೆ ಬಂದ ಮೇಲೆ ಅದು ಮಗುವಿಗೇ ಸೇರುತ್ತೆ. ದಿನಕ್ಕೆ 5 ಗಂಟೆಗಿಂತ ಜಾಸ್ತಿ ಕೆಲಸ ಇಲ್ಲ. ಬಿಡುವಿಲ್ಲದೆ 3 ಗಂಟೆ ದಾಟುವಂತಿಲ್ಲ. ಒಂದೇ ಸಮನೆ 27 ದಿನಕ್ಕಿಂತ ಹೆಚ್ಚು ಕರೆಯುವಂತಿಲ್ಲ. ಜಿಲ್ಲಾ ಮ್ಯಾಜಿಸ್ಟ್ರೇಟ್ ಅನುಮತಿ ತರಬೇಕಾದ್ದು ನಿರ್ಮಾಪಕರು, ನೀವಲ್ಲ. ಸೆಟ್‌ನಲ್ಲಿ ಇದನ್ನೆಲ್ಲ ಕೇಳಿದರೆ "ಏನ್ ಸಾರ್, ಲಾಯರ್ರಾ?" ಅಂತ ನಗಬಹುದು. ನಗಲಿ ಬಿಡಿ. ಕಾಗದ ತೋರಿಸಿದ ಮೇಲೇ ಸಹಿ ಹಾಕಿ.

ನನ್ನನ್ನು ಕೇಳಿದರೆ, ಮೊದಲು ಬೇಸಿಗೆ ರಜೆಗೆ ರಂಗಾಯಣದ ಚಿಣ್ಣರ ಮೇಳಕ್ಕೆ, ಅಂದರೆ ಮಕ್ಕಳ ನಾಟಕ ಶಿಬಿರಕ್ಕೆ, ಸೇರಿಸಿ. ಊರಲ್ಲೇ ಇದೆ. ಅಲ್ಲಿ ಅವನ ಬಾಯಿಂದ ಬಂದದ್ದೇ ಕೊನೆಯ ಸಾಲಿನವರೆಗೆ ಹೋಗಬೇಕು. ಸೀರಿಯಲ್ಲೂ ಇರಲಿ ಅಂದರೆ ಮ್ಯಾನೇಜರ್‌ಗೆ ದುಡ್ಡಿನ ಜೊತೆ ಇದನ್ನೂ ಕೇಳಿ: ದನಿ ಇವನದೇನಾ, ಬೇರೆಯವರದಾ?