ಒಮ್ಮೆಯೂ ಸ್ಟಾನ್ಲಿ ಕಪ್ ಗೆಲ್ಲದ ರೋಜರ್ ನೀಲ್ಸನ್ ಅವರನ್ನು ದೊಡ್ಡ ಕೋಚ್ ಅನ್ನುವುದು ಯಾಕೆ?

ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನ ಎಂಟು ತಂಡಗಳಿಗೆ ಮುಖ್ಯ ಕೋಚ್ ಆಗಿದ್ದೂ ಅದರ ಚಾಂಪಿಯನ್ನರಿಗೆ ಸಿಗುವ ಸ್ಟಾನ್ಲಿ ಕಪ್ ಗೆಲ್ಲದವರು, ಹಾಕಿ ದಿಗ್ಗಜರ ಗೌರವಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ ಹೇಗೆ ಸೇರಿದರು ಅಂತ ಕೇಳಿದ್ದೀರಿ. ನಾನಿರುವುದು ವ್ಯಾಂಕೂವರಿನಲ್ಲಿ. ಇಲ್ಲಿನ ರೋಜರ್ಸ್ ಅರೀನಾದ ಹೊರಗೆ ಅವರ ಕಂಚಿನ ಪ್ರತಿಮೆ ಇದೆ. ಕೈಯಲ್ಲಿ ಮೇಲೆತ್ತಿ ಹಿಡಿದ ಹಾಕಿ ಸ್ಟಿಕ್, ಅದರ ತುದಿಯಲ್ಲಿ ಒಂದು ಟವೆಲ್. ಮೊದಲ ಸಲ ನೋಡಿದಾಗ ನನಗೂ ಅರ್ಥವಾಗಿರಲಿಲ್ಲ, ಆಮೇಲೆ ಕೇಳಿ, ಓದಿ ತಿಳಿದುಕೊಂಡೆ.

ಅದು 1982ರ ಪ್ಲೇಆಫ್, ಅಂದರೆ ಲೀಗ್ ಮುಗಿದ ಮೇಲೆ ಕಪ್‌ಗಾಗಿ ನಡೆಯುವ ನಾಕೌಟ್ ಸರಣಿಗಳು. ಮುಖ್ಯ ಕೋಚ್ ಅಮಾನತಾಗಿದ್ದರಿಂದ ಸಹಾಯಕರಾಗಿದ್ದ ನೀಲ್ಸನ್ ಹೆಗಲಿಗೆ ವ್ಯಾಂಕೂವರಿನ ಕ್ಯಾನಕ್ಸ್ ತಂಡ ಬಂದಿತ್ತು. ಶಿಕಾಗೊದಲ್ಲಿ ಎರಡನೇ ಪಂದ್ಯ, ತಮ್ಮವರ ಮೇಲೆ ಪೆನಾಲ್ಟಿ ಮೇಲೆ ಪೆನಾಲ್ಟಿ. ನೀಲ್ಸನ್ ಕೂಗಾಡಲಿಲ್ಲ. ಬೆಂಚಿನ ಹತ್ತಿರವಿದ್ದ ಬಿಳಿ ಟವೆಲನ್ನು ಸ್ಟಿಕ್ಕಿನ ತುದಿಗೆ ಸಿಕ್ಕಿಸಿ, ಶರಣಾದೆವು ಸ್ವಾಮಿ ಅನ್ನುವಂತೆ ರೆಫರಿಗೆ ಎತ್ತಿ ತೋರಿಸಿದರು. ಅವರನ್ನು ಆಟದಿಂದ ಹೊರಗೆ ಕಳಿಸಿದರು, ಆ ಪಂದ್ಯ ಸೋತೂ ಹೋಯಿತು. ಆದರೆ ತಂಡ ಊರಿಗೆ ಮರಳಿದಾಗ ಕ್ರೀಡಾಂಗಣದ ತುಂಬ ಬಿಳಿ ಟವೆಲ್‌ಗಳು ಬೀಸುತ್ತಿದ್ದವು. ಆ ಸರಣಿ ಗೆದ್ದು ಕ್ಯಾನಕ್ಸ್ ಮೊದಲ ಬಾರಿಗೆ ಫೈನಲ್ ತಲುಪಿತು. ಅಲ್ಲಿ ನ್ಯೂಯಾರ್ಕಿನ ಐಲ್ಯಾಂಡರ್ಸ್ ತಂಡದ ಎದುರು ನಾಲ್ಕಕ್ಕೆ ನಾಲ್ಕೂ ಸೋತರು, ನಿಜ. ಆದರೂ ಪ್ಲೇಆಫ್ ಬಂದರೆ ಇಲ್ಲಿ ಈಗಲೂ ಟವೆಲ್ ಬೀಸುತ್ತಾರೆ.

ನನ್ನ ಮಟ್ಟಿಗೆ ಅವರ ದೊಡ್ಡತನ ಇರುವುದು ನಿಯಮಪುಸ್ತಕದಲ್ಲಿ. ಅದನ್ನು ಅವರಷ್ಟು ಅಕ್ಷರಶಃ ಓದಿದ ಕೋಚ್ ಇನ್ನೊಬ್ಬರಿಲ್ಲ. ಕೆನಡಾದ ಪೀಟರ್‌ಬರೋ ಊರಿನ ಜೂನಿಯರ್ ತಂಡ ನೋಡಿಕೊಳ್ಳುತ್ತಿದ್ದಾಗ, ಎದುರಾಳಿಗೆ ಪೆನಾಲ್ಟಿ ಶಾಟ್ (ಗೋಲ್‌ಕೀಪರ್ ಒಬ್ಬನ ಎದುರು ಒಬ್ಬನೇ ಹೊಡೆಯುವ ಅವಕಾಶ) ಸಿಕ್ಕರೆ ಗೋಲಿನಲ್ಲಿ ಗೋಲ್‌ಕೀಪರ್ ಬದಲು ಡಿಫೆನ್ಸ್ ಆಟಗಾರನನ್ನು ನಿಲ್ಲಿಸಿದರು. ಆತ ಗೋಲು ಕಾಯುತ್ತ ನಿಲ್ಲದೆ ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ತರುವವನ ಮೇಲೇ ನುಗ್ಗುತ್ತಿದ್ದ. ಹಾಗೆ ಮಾಡಬಾರದು ಅಂತ ಆಗ ಎಲ್ಲೂ ಬರೆದಿರಲಿಲ್ಲ, ಈಗ ಬರೆದಿದೆ. ಇನ್ನೊಂದು: ಕೊನೆಯ ನಿಮಿಷ, ತಪ್ಪಿಗೆ ಶಿಕ್ಷೆಯಾಗಿ ಇಬ್ಬರು ಆಗಲೇ ಆಟದ ಹೊರಗೆ, ಪೆನಾಲ್ಟಿ ಬಾಕ್ಸಿನಲ್ಲಿ. ಗೋಲ್‌ಕೀಪರ್ ಬಿಟ್ಟು ಐವರಲ್ಲಿ ಉಳಿದದ್ದು ಮೂವರು, ಎಷ್ಟೇ ಪೆನಾಲ್ಟಿ ಬಿದ್ದರೂ ಅದಕ್ಕಿಂತ ಕಡಿಮೆ ಮಾಡುವ ಹಾಗಿಲ್ಲ. ಹಾಗಿದ್ದರೆ ಬೇಕೆಂದೇ ಒಬ್ಬನನ್ನು ಹೆಚ್ಚಿಗೆ ಇಳಿಸಿದರೆ ಏನು ನಷ್ಟ? ಪ್ರತಿ ಸಲ ಸೀಟಿ ಬಿದ್ದು ಎದುರಾಳಿಯ ದಾಳಿ ಅರ್ಧಕ್ಕೇ ನಿಲ್ಲುತ್ತಿತ್ತು. ಈಗ ಹಾಗೆ ಮಾಡಿದರೆ ನೇರ ಪೆನಾಲ್ಟಿ ಶಾಟ್. ಇದನ್ನು ಕುತಂತ್ರ ಅನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಒಂದು ಕಾಲದಲ್ಲಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಮೇಷ್ಟ್ರು ಅವರು, ಪುಸ್ತಕದ ತಪ್ಪು ಕಣ್ಣಿಗೆ ಬಿದ್ದರೆ ಸುಮ್ಮನಿರಲು ಆಗುತ್ತಿರಲಿಲ್ಲ ಅಷ್ಟೆ.

ಪಂದ್ಯಗಳ ವಿಡಿಯೋ ಹಾಕಿ ಆಟಗಾರರಿಗೆ ಪಾಠ ಮಾಡುವುದನ್ನು ಎನ್‌ಎಚ್‌ಎಲ್‌ನಲ್ಲಿ ರೂಢಿಗೆ ತಂದವರಲ್ಲೂ ಅವರೇ ಮೊದಲಿಗರು. ‘ಕ್ಯಾಪ್ಟನ್ ವಿಡಿಯೋ’ ಅನ್ನುವ ಅಡ್ಡಹೆಸರು ಬಂದದ್ದು ಹಾಗೆ. ಇವತ್ತು ಅದಿಲ್ಲದ ತಂಡ ಉಂಟೇ?

1979ರಲ್ಲಿ ಟೊರೊಂಟೊ ತಂಡದ ಮಾಲೀಕ ಹ್ಯಾರಲ್ಡ್ ಬ್ಯಾಲರ್ಡ್, ಅಲ್ಲಿ ಕೋಚ್ ಆಗಿದ್ದ ನೀಲ್ಸನ್ ಅವರನ್ನು ಕೆಲಸದಿಂದ ತೆಗೆದು, ಮತ್ತೆ ಕರೆದ. ಹೊಸ ಕೋಚ್ ಯಾರೆಂಬ ಕುತೂಹಲ ಹುಟ್ಟಿಸಲು ತಲೆಗೆ ಕಾಗದದ ಚೀಲ ಹಾಕಿಕೊಂಡು ಬೆಂಚಿಗೆ ಬಾ ಅಂದ. ನೀಲ್ಸನ್ ಒಪ್ಪಲಿಲ್ಲ. ಬರೀ ಮುಖದಲ್ಲೇ ಬಂದು ನಿಂತರು.

1999ರ ಕೊನೆಗೆ, ಫಿಲಡೆಲ್ಫಿಯಾ ತಂಡದ ಮುಖ್ಯ ಕೋಚ್ ಆಗಿದ್ದಾಗ, ಮೂಳೆಮಜ್ಜೆಯ ಕ್ಯಾನ್ಸರ್ ಪತ್ತೆಯಾಯಿತು. ಚಿಕಿತ್ಸೆ ಮುಗಿಸಿ ಬಂದರೂ ಆ ಹುದ್ದೆ ಮತ್ತೆ ಸಿಗಲಿಲ್ಲ. ಒಟ್ಟಾವಾಕ್ಕೆ ಸಹಾಯಕ ಕೋಚ್ ಆಗಿ ಹೋದರು. ಆಗ ಮುಖ್ಯ ಕೋಚ್ ಆಗಿ ಅವರ ಲೆಕ್ಕದಲ್ಲಿದ್ದದ್ದು 998 ಪಂದ್ಯ. 2002ರ ಏಪ್ರಿಲ್‌ನಲ್ಲಿ, ಲೀಗಿನ ಕೊನೆಯ ಎರಡು ಪಂದ್ಯಗಳಿಗೆ ಒಟ್ಟಾವಾದ ಮುಖ್ಯ ಕೋಚ್ ಜಾಕ್ ಮಾರ್ಟಿನ್ ತಾವೇ ಪಕ್ಕಕ್ಕೆ ಸರಿದು ಜಾಗ ಬಿಟ್ಟುಕೊಟ್ಟರು. ಸಾವಿರ ತುಂಬಿತು. ಅದೇ ವರ್ಷ ಹಾಲ್ ಆಫ್ ಫೇಮ್‌ಗೂ ಸೇರಿದರು. 2003ರ ಜೂನ್ 21ರಂದು ತೀರಿಕೊಂಡದ್ದು ಪೀಟರ್‌ಬರೋದಲ್ಲಿ, ಹುಡುಗರಿಗೆ ಆಟ ಕಲಿಸಿದ ಆ ಊರಿನಲ್ಲೇ.